ಕಾಗದದ ಮನುಷ್ಯ

ಹಳಗನ್ನಡ ಕಾವ್ಯವನ್ನು ಪಾಠ ಹೇಳುವವನಿಗೆ ಕಾಲ್ಚೆಂಡಾಟದ ಹುಚ್ಚು ಹೇಗೆ ಹಿಡಿಯಿತೆಂದು ನನ್ನ ಸಹೋದ್ಯೋಗಿಗಳು ಆಗಾಗ ಕೇಳುವುದುಂಟು. ಹುಚ್ಚಿಗೆ ಕಾರಣ ಹೇಳಬಲ್ಲವರು ಯಾರು? ನನ್ನ ಈ ದೌರ್ಬಲ್ಯವನ್ನು ಬಲ್ಲ ವಿದ್ಯಾರ್ಥಿನಿಲಯದ ಹುಡುಗರು ಈಚೆಗೆ ಒಂದು ಸಂಜೆ ತಮ್ಮ ಜಗಳವೊಂದನ್ನು ನನ್ನ ಮುಂದೆ ತಂದಿಟ್ಟರು. ಆಟಗಾರನಾದವನು ದೇಶದ ರಾಜಕೀಯದ ಬಗ್ಗೆ ಬಾಯಿ ತೆರೆಯಬೇಕೆ, ಅಥವಾ ಚೆಂಡನ್ನು ಒದ್ದು ಮನೆಗೆ ಹೋಗಬೇಕೆ ಎಂಬುದು ಅವರ ವಿವಾದ. ನಾನು ತೀರ್ಪು ಕೊಡಲಿಲ್ಲ. ಅದರ ಬದಲು ಮಥಿಯಾಸ್ ಸಿಂಡೆಲಾರ್ ಎಂಬಾತನ ಕಥೆಯನ್ನು ಹೇಳಿದೆ. ಈ ಕಥೆಯನ್ನು ಹಿಂದೆಯೂ ಎಷ್ಟೋ ಸಲ ಹೇಳಿದ್ದೇನೆ. ಆದರೆ ಅರ್ಧ ಮಾತ್ರ ಹೇಳಿದ್ದೇನೆ. ಉಳಿದರ್ಧವನ್ನೂ ಸೇರಿಸಿ ಹೇಳಿದ್ದು ಅಂದೇ ಮೊದಲು. ಓದುಗರ ಮುಂದೆಯೂ ಅದನ್ನು ಪೂರ್ಣವಾಗಿಯೇ ಇಡುತ್ತೇನೆ.

ಸಿಂಡೆಲಾರ್ ಹುಟ್ಟಿದ್ದು 1903ರ ಫೆಬ್ರವರಿ 10ರಂದು, ಮೊರಾವಿಯಾ ಪ್ರಾಂತದ ಕೊಜ್ಲೊವ್ ಎಂಬ ಹಳ್ಳಿಯಲ್ಲಿ. ಅದು ಆಗ ಆಸ್ಟ್ರಿಯಾ-ಹಂಗೆರಿ ಚಕ್ರಾಧಿಪತ್ಯಕ್ಕೆ ಸೇರಿತ್ತು. ಇಂದು ಚೆಕ್ ದೇಶದಲ್ಲಿದೆ. ಮಗು ಎರಡು ವರ್ಷದ್ದಾಗಿದ್ದಾಗ ತಂದೆತಾಯಿ ಹೊಟ್ಟೆಪಾಡನ್ನು ಅರಸಿ ವಿಯೆನ್ನಾ ನಗರಕ್ಕೆ ಬಂದು ಫಾವೊರಿಟನ್ ಎಂಬ ಭಾಗದಲ್ಲಿ ನೆಲೆಸಿದರು. ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಚೆಕ್ ಕೂಲಿಕಾರರು ತುಂಬಿದ್ದ ಕೇರಿ ಅದು. ಅಲ್ಲಿಯ ಬಡಮಕ್ಕಳು ಚಿಂದಿಬಟ್ಟೆ ಸುತ್ತಿದ ಚೆಂಡನ್ನು ಬೀದಿಯಲ್ಲಿ ಒದೆಯುತ್ತ ಆಟ ಕಲಿತರು. ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ತಂದೆ ಇಸೊಂಜೊ ರಣರಂಗದಲ್ಲಿ ಮಡಿದ. ತಾಯಿ ಪರರ ಬಟ್ಟೆ ಒಗೆದು ಮಕ್ಕಳನ್ನು ಸಾಕಿದಳು. ಹುಡುಗ ಬೀಗಗಳ ಕೆಲಸ ಕಲಿಯಲು ಸೇರಿದ.

ಮರುವರ್ಷ, ಹದಿನೈದರ ವಯಸ್ಸಿನಲ್ಲಿ, ಆತನನ್ನು ಆ ಕೇರಿಯದೇ ಆದ ಹೆರ್ಥಾ ಎಂಬ ಸಂಘ ಸೇರಿಸಿಕೊಂಡಿತು. ಇಪ್ಪತ್ತರ ಹರೆಯದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. ಆಟ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. ಅದು ಮುಗಿಯಲಿಲ್ಲ, ರೂಪ ಬದಲಿಸಿತು. ಅಂದಿನಿಂದ ಆ ಮೊಣಕಾಲಿಗೆ ಸದಾ ಪಟ್ಟಿ ಕಟ್ಟಿಕೊಂಡೇ ಆಡಿದ ಸಿಂಡೆಲಾರ್ ಎದುರಾಳಿಯ ಮೈಗೆ ಮೈ ತಾಗಿಸುವುದನ್ನೇ ಬಿಟ್ಟ. ಗುದ್ದಿ ನುಗ್ಗುವವರ ನಡುವೆ ನುಸುಳಿ ಹೋಗುವ ವಿದ್ಯೆಯನ್ನು ಸಾಧಿಸಿದ. ಬಡಕಲು ಮೈ, ಗಾಳಿಗೆ ತೂರಿಹೋಗುವಂಥ ನಡೆ. ವಿಯೆನ್ನಾದ ಜನ ಆತನಿಗೆ ಕಾಗದದ ಮನುಷ್ಯ ಎಂದು ಹೆಸರಿಟ್ಟರು. 1924ರಲ್ಲಿ ಆತ ಸೇರಿದ ದೊಡ್ಡ ಸಂಘ ಎರಡು ವರ್ಷಗಳ ಬಳಿಕ ಆಸ್ಟ್ರಿಯಾ ಎಂಬ ಹೆಸರನ್ನು ತಳೆಯಿತು. ಯುರೋಪಿನ ಭೂಖಂಡದಲ್ಲಿ ವೃತ್ತಿನಿರತ ಕಾಲ್ಚೆಂಡಾಟದ ಮೊದಲ ಲೀಗು ವಿಯೆನ್ನಾದಲ್ಲಿ ಆರಂಭವಾದದ್ದೂ ಆ 1924ರಲ್ಲಿಯೇ.

ಇಲ್ಲಿ ಆ ಊರಿನ ಅಭಿಮಾನಿಗಳ ವಿಷಯವನ್ನು ಹೇಳದೆ ಮುಂದುವರಿಯುವಂತಿಲ್ಲ. ವಿಯೆನ್ನಾದ ಕಾಫಿ ಗೃಹಗಳಲ್ಲಿ ಸಾಹಿತ್ಯ, ಸಂಗೀತ, ಕಾಲ್ಚೆಂಡು, ರಾಜಕೀಯ ಎಲ್ಲವೂ ಒಂದೇ ಮೇಜಿನ ಮೇಲೆ ಚರ್ಚೆಯಾಗುತ್ತಿದ್ದವು. ಒಬ್ಬನು ಯಾವ ತಂಡದ ಪಕ್ಷಪಾತಿ ಎಂದು ತಿಳಿದರೆ ಆತನ ಕೇರಿ, ಕಸುಬು, ಮತ ಎಲ್ಲವನ್ನೂ ಊಹಿಸಬಹುದಾಗಿತ್ತು. ರಾಪಿಡ್ ತಂಡ ಹೊರವಲಯದ ಕಾರ್ಮಿಕರ ಹೆಮ್ಮೆ. ಆಸ್ಟ್ರಿಯಾ ತಂಡ ನಗರದ ಮಧ್ಯಭಾಗದ ಕಾಫಿ ಗೃಹದವರದು. ಅದರ ಆಡಳಿತದಲ್ಲಿ ಯೆಹೂದ್ಯರು ಅನೇಕರಿದ್ದರು. 1925ರಲ್ಲಿ ಲೀಗನ್ನೇ ಗೆದ್ದ ಹಕೋವಾ ಯೆಹೂದ್ಯರ ಸ್ವಾಭಿಮಾನದ ಪತಾಕೆ. ಆಟ ಬೇರೆ, ರಾಜಕೀಯ ಬೇರೆ ಎಂದು ಆ ಊರಿನಲ್ಲಿ ಯಾರಾದರೂ ಹೇಳಿದ್ದರೆ ಪಕ್ಕದ ಮೇಜಿನವರು ನಕ್ಕುಬಿಡುತ್ತಿದ್ದರು.

ರಾಷ್ಟ್ರೀಯ ತಂಡದ ಸೂತ್ರಧಾರ ಹ್ಯೂಗೊ ಮೈಸ್ಲ್. 1929ರ ಆರಂಭದಲ್ಲಿ ನ್ಯೂರೆಂಬರ್ಗಿನಲ್ಲಿ ಹಿಮ ಮುಸುಕಿದ ಮೈದಾನದ ಮೇಲೆ ದಕ್ಷಿಣ ಜರ್ಮನಿಯ ತಂಡಕ್ಕೆ ಸೋತ ಮೇಲೆ ಆತ ಸಿಂಡೆಲಾರನನ್ನು ಬಹುಕಾಲ ದೂರವಿಟ್ಟ. ಅಭಿಮಾನಿಗಳೂ ಪತ್ರಕರ್ತರೂ ಮೈಸ್ಲನ ಬೆನ್ನು ಬಿಡಲಿಲ್ಲ. 1931ರ ಮೇ ತಿಂಗಳಿನಲ್ಲಿ ರಿಂಗ್ ಕಾಫಿ ಗೃಹದಲ್ಲಿ ಈ ಕಾಟವನ್ನು ತಾಳಲಾರದೆ ಆತ ಆಟಗಾರರ ಪಟ್ಟಿಯ ಚೀಟಿಯನ್ನು ಅವರ ಮುಂದೆ ಎಸೆದು, ನಿಮಗೆ ಬೇಕಾದ ತಂಡ ಇದೇ ಎಂದು ಸಿಡುಕಿ ಹೊರಟುಹೋದನೆಂದು ಹೇಳುತ್ತಾರೆ. ಅದರಲ್ಲಿ ಸಿಂಡೆಲಾರನ ಹೆಸರಿತ್ತು. ಅದೇ ತಿಂಗಳ 16ರಂದು ಆ ತಂಡ ಸ್ಕಾಟ್ಲೆಂಡನ್ನು 5-0ರಿಂದ ಸೋಲಿಸಿತು. ಅಭಿಮಾನಿಯ ಮಾತು ನಿಜವಾದ ಅಪರೂಪದ ಪ್ರಸಂಗವಿದು!

ಮುಂದಿನದು ಅದ್ಭುತ ತಂಡವೆಂದೇ ಚರಿತ್ರೆಯಲ್ಲಿ ಹೆಸರಾದ ಕಾಲ. ಬರ್ಲಿನ್ನಿನಲ್ಲಿ ಜರ್ಮನಿಯ ಮೇಲೆ 6-0, ಅದೇ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ 5-0, 1932ರ ಏಪ್ರಿಲಿನಲ್ಲಿ ಹಂಗೆರಿಯ ಮೇಲೆ 8-2. ಹೀಗೆ 14 ಪಂದ್ಯಗಳಲ್ಲಿ ಆ ತಂಡ ಸೋಲನ್ನೇ ಕಾಣಲಿಲ್ಲ. 1932ರ ಡಿಸೆಂಬರ್ 7ರಂದು ಲಂಡನ್ನಿನಲ್ಲಿ ಇಂಗ್ಲೆಂಡಿಗೆ 4-3ರಿಂದ ಸೋತಿತು. ಆದರೆ ಆ ಸೋಲು ಗೆಲುವಿಗಿಂತ ಹೆಚ್ಚಿನ ಕೀರ್ತಿ ತಂದಿತು. ಅಂದು ವಿಯೆನ್ನಾದ ವೀರರ ಚೌಕದಲ್ಲಿ ಧ್ವನಿವರ್ಧಕಗಳನ್ನು ಕಟ್ಟಿದ್ದರು. ಸಾವಿರಾರು ಜನ ಡಿಸೆಂಬರಿನ ಚಳಿಯಲ್ಲಿ ನಿಂತು ಆಟದ ವರ್ಣನೆಯನ್ನು ಕೇಳಿದರು. ಓದುಗರು ಆ ಚೌಕವನ್ನು ನೆನಪಿನಲ್ಲಿಡಬೇಕು.

1933ರಲ್ಲಿ ಮಧ್ಯ ಯುರೋಪಿನ ಸಂಘಗಳ ಮಿತ್ರೊಪಾ ಪಾರಿತೋಷಕದ ಅಂತಿಮ ಹಣಾಹಣಿ ನಡೆಯಿತು. ಮಿಲಾನಿನಲ್ಲಿ 2-1ರಿಂದ ಸೋತಿದ್ದ ಆಸ್ಟ್ರಿಯಾ ಸಂಘ ವಿಯೆನ್ನಾದಲ್ಲಿ 3-1ರಿಂದ ಗೆದ್ದು ಪಾರಿತೋಷಕವನ್ನು ಪಡೆಯಿತು. ಆ ಮೂರು ಗೋಲುಗಳನ್ನೂ ಹೊಡೆದಾತ ಸಿಂಡೆಲಾರ್. ಆದರೆ ದೇಶದ ಕಾಲ ಕೆಡುತ್ತಿತ್ತು. 1934ರ ಫೆಬ್ರವರಿಯಲ್ಲಿ ವಿಯೆನ್ನಾದ ಕಾರ್ಮಿಕ ವಸತಿಗಳ ಮೇಲೆ ಸರಕಾರವೇ ಫಿರಂಗಿ ಹಾರಿಸಿತು. ಆ ಬೇಸಿಗೆಯಲ್ಲಿ ಮುಸೊಲಿನಿಯ ಇಟಲಿಯಲ್ಲಿ ನಡೆದ ವಿಶ್ವ ಪಂದ್ಯಾವಳಿಯ ಉಪಾಂತ್ಯದಲ್ಲಿ, ಮಿಲಾನಿನ ಕೆಸರು ನೆಲದ ಮೇಲೆ, ಲೂಯಿಸ್ ಮೊಂತಿ ಎಂಬ ಕಟ್ಟುಮಸ್ತಾದ ಆಟಗಾರ ಕಾಗದದ ಮನುಷ್ಯನನ್ನು ಕದಲಗೊಡಲಿಲ್ಲ. ಆಸ್ಟ್ರಿಯಾ 1-0ರಿಂದ ಸೋತಿತು. 1937ರ ಫೆಬ್ರವರಿಯಲ್ಲಿ ಮೈಸ್ಲ್ ತೀರಿಕೊಂಡ.

1938ರ ಮಾರ್ಚ್ 12ರಂದು ಜರ್ಮನ್ ಸೇನೆ ಆಸ್ಟ್ರಿಯಾದೊಳಕ್ಕೆ ಬಂದಿತು. ಮೂರು ದಿನಗಳ ಬಳಿಕ ಅದೇ ವೀರರ ಚೌಕದಲ್ಲಿ ಹಿಟ್ಲರ್ ಮಾತಾಡಿದ. ಐದು ವರ್ಷಗಳ ಹಿಂದೆ ಸಿಂಡೆಲಾರನ ಹೆಸರಿಗೆ ಕಿವಿಗೊಟ್ಟು ನಿಂತಿದ್ದ ಚೌಕದಲ್ಲಿ ಅದಕ್ಕಿಂತಲೂ ಎಷ್ಟೋ ದೊಡ್ಡ ಜನಸಂದಣಿ ಜಯಘೋಷ ಮಾಡಿತು. ಹಕೋವಾ ಸಂಘವನ್ನು ಅಳಿಸಿಹಾಕಿದರು. ಆಸ್ಟ್ರಿಯಾ ಸಂಘದ ಯೆಹೂದಿ ಅಧ್ಯಕ್ಷರಾಗಿದ್ದ ವೈದ್ಯ ಮಿಖೆಲ್ ಶ್ವಾರ್ಟ್ಜ್ ಅವರನ್ನು ಪದಚ್ಯುತಗೊಳಿಸಿದರು. ಆ ಸಂಘದ ಹೆಸರನ್ನೂ ಕೆಲಕಾಲ ಬದಲಿಸಿದರು. ಶ್ವಾರ್ಟ್ಜ್ ಅವರಿಗೆ ನಮಸ್ಕರಿಸಕೂಡದೆಂಬ ಕಟ್ಟಪ್ಪಣೆಯಿದ್ದರೂ ತಾನು ನಮಸ್ಕರಿಸುವೆನೆಂದು ಸಿಂಡೆಲಾರ್ ಅವರಿಗೆ ತಿಳಿಸಿದನೆಂಬುದು ಪ್ರಸಿದ್ಧವಾದ ಮಾತು.

ಏಪ್ರಿಲ್ 3ರಂದು, ವಿಲೀನದ ಜನಮತಗಣನೆಗೆ ಒಂದು ವಾರ ಮೊದಲು, ಪ್ರಾಟರ್ ಕ್ರೀಡಾಂಗಣದಲ್ಲಿ ಜರ್ಮನಿಗೂ ಇಲ್ಲವಾಗಲಿದ್ದ ಆಸ್ಟ್ರಿಯಾಕ್ಕೂ ಸ್ನೇಹದ ಪಂದ್ಯವೊಂದನ್ನು ಏರ್ಪಡಿಸಿದರು. ಆಸ್ಟ್ರಿಯಾದವರು ಕೆಂಪು-ಬಿಳಿ-ಕೆಂಪು ಉಡುಪಿನಲ್ಲಿ, ತಮ್ಮ ಧ್ವಜದ ಬಣ್ಣದಲ್ಲಿ, ಆಡಿದರು. ಗೋಲಿಲ್ಲದ ಮೊದಲರ್ಧದ ನಂತರ ಸಿಂಡೆಲಾರ್ ಒಂದು ಗೋಲು ಹೊಡೆದ. ಗೆಳೆಯ ಸೆಸ್ಟಾ ದೂರದಿಂದ ಇನ್ನೊಂದನ್ನು ಹೊಡೆದ. 2-0. ಮೊದಲರ್ಧದಲ್ಲಿ ಸಿಂಡೆಲಾರ್ ಬೇಕೆಂದೇ ಚೆಂಡನ್ನು ಗುರಿ ತಪ್ಪಿಸಿ ಎದುರಾಳಿಗಳನ್ನು ಅಣಕಿಸಿದನೆಂದೂ, ಗೆದ್ದ ಮೇಲೆ ನಾತ್ಸಿ ಮುಖಂಡರು ಕುಳಿತಿದ್ದ ಕಟ್ಟೆಯ ಮುಂದೆ ಕುಣಿದನೆಂದೂ ಕಥೆಯಿದೆ. ಆ ಬಳಿಕ ಜರ್ಮನಿಯ ತರಬೇತುದಾರ ಹೆರ್ಬರ್ಗರ್ ಕರೆದರೂ, ವಯಸ್ಸಾಯಿತು, ಗಾಯವಿದೆ ಎಂದು ಹೇಳಿ ಆತ ಜರ್ಮನ್ ತಂಡದಲ್ಲಿ ಆಡಲಿಲ್ಲ.

ನಾನು ವರ್ಷಾನುಗಟ್ಟಲೆ ಕಥೆಯನ್ನು ನಿಲ್ಲಿಸುತ್ತಿದ್ದುದು ಇಲ್ಲಿಯೇ. ಆ ಕುಣಿತವನ್ನು ಕಣ್ಣಾರೆ ಕಂಡವನಂತೆ ವರ್ಣಿಸಿದ್ದೇನೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ತಿಳಿದದ್ದು ತಡವಾಗಿ. ಅದು ಹೋಗಲಿ, ಗೋಲು ನಿಜ, ಉಡುಪು ನಿಜ, ನಿರಾಕರಣೆ ನಿಜ. ನನ್ನ ಬಾಯಿ ಕಟ್ಟಿಸಿದ್ದು ಮತ್ತೊಂದು ಸತ್ಯ.

ಅದೇ 1938ರ ಆಗಸ್ಟಿನಲ್ಲಿ ಸಿಂಡೆಲಾರ್ ತನ್ನ ಬಾಲ್ಯದ ಕೇರಿಯಲ್ಲಿ ಒಂದು ಕಾಫಿ ಗೃಹವನ್ನು 20,000 ಮಾರ್ಕುಗಳಿಗೆ ಕೊಂಡುಕೊಂಡ. ಅದರ ಒಡೆಯ ಲಿಯೊಪೋಲ್ಡ್ ಡ್ರಿಲ್ ಎಂಬ ಯೆಹೂದಿ. ಯೆಹೂದ್ಯರ ಆಸ್ತಿಯನ್ನು ಬಲವಂತದಿಂದ ಅನ್ಯರಿಗೆ ವಶಪಡಿಸುತ್ತಿದ್ದ ಕಾಲವದು. ಮಾರುವವನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿರಲಿಲ್ಲ. ಹಳೆಯ ಪರಿಚಯದವನಿಗೆ ನ್ಯಾಯವಾದ ಬೆಲೆ ಕೊಟ್ಟನೆಂದು ಅಭಿಮಾನಿಗಳು ಬಹುಕಾಲ ಹೇಳಿಕೊಂಡು ಬಂದರು. ಆದರೆ ಎಂಥ ಬೆಲೆಯೂ ಆ ವ್ಯಾಪಾರವನ್ನು ವ್ಯಾಪಾರವಾಗಿಸುವುದಿಲ್ಲ. ಡ್ರಿಲ್‌ನನ್ನು ಮುಂದೆ ತೆರೇಜಿನ್‌ಸ್ಟಾಟಿಗೆ ಸಾಗಿಸಿದರು. ಆತ ಅಲ್ಲಿಯೇ ಸತ್ತ. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ವಿಯೆನ್ನಾ ನಗರ ತನ್ನ ಗೌರವ ಸಮಾಧಿಗಳ ವಿಷಯವನ್ನು ಮರುಪರಿಶೀಲಿಸಿದಾಗ ಸಿಂಡೆಲಾರನ ಈ ಖರೀದಿಯೂ ಚರ್ಚೆಗೆ ಬಂದಿತು.

ಆತ ಆ ಕಾಫಿ ಗೃಹವನ್ನು ಬಹುಕಾಲ ಅನುಭವಿಸಲಿಲ್ಲ. 1938ರ ಡಿಸೆಂಬರ್ 26ರಂದು ಬರ್ಲಿನ್ನಿನಲ್ಲಿ ಕಡೆಯ ಪಂದ್ಯವನ್ನಾಡಿದ. 1939ರ ಜನವರಿ 23ರಂದು ವಿಯೆನ್ನಾದ ಆನ್ನಾಗಾಸ್ಸೆಯ ಮನೆಯೊಂದರಲ್ಲಿ ಆತ ಸತ್ತುಬಿದ್ದಿದ್ದುದನ್ನು ಗೆಳೆಯನೊಬ್ಬ ಕಂಡ. ಪಕ್ಕದಲ್ಲಿ ಪ್ರಜ್ಞೆತಪ್ಪಿದ್ದ ಸಂಗಾತಿ ಕಮಿಲ್ಲಾ ಕಸ್ತಾನ್ಯೋಲಾ ಕೂಡ ಬದುಕುಳಿಯಲಿಲ್ಲ. ಹೊಗೆಗೂಡಿನ ದೋಷದಿಂದ ವಿಷದ ಅನಿಲ ಕೋಣೆಗೆ ತುಂಬಿತೆಂದು ದಾಖಲೆ. ಆತ್ಮಹತ್ಯೆಯೆಂದು ಕೆಲವರು, ಕೊಲೆಯೆಂದು ಕೆಲವರು ಹೇಳಿದರು. ಆತ್ಮಹತ್ಯೆಯಾಗಲಿ ಕೊಲೆಯಾಗಲಿ ದಾಖಲಾದರೆ ಗೌರವದ ಅಂತ್ಯಕ್ರಿಯೆ ದೊರೆಯದೆಂದು ಕಾಗದಪತ್ರಗಳನ್ನೇ ತಿದ್ದಿಸಲಾಯಿತೆಂದು ಗೆಳೆಯನೊಬ್ಬ ಎಷ್ಟೋ ವರ್ಷಗಳ ಮೇಲೆ ಹೇಳಿದ. ದೇಶಭ್ರಷ್ಟನಾಗಿದ್ದ ಕವಿ ಫ್ರೀಡ್ರಿಶ್ ಟೋರ್ಬರ್ಗ್ ಆತನ ಮರಣದ ಮೇಲೆ ಪದ್ಯ ಬರೆದು, ಹೊಸ ಆಳ್ವಿಕೆಯಲ್ಲಿ ಬದುಕಲಾರದೆ ಆತ ತಾನಾಗಿ ಹೊರಟುಹೋದನೆಂಬ ಭಾವವನ್ನು ಜನಮನದಲ್ಲಿ ನೆಲೆಗೊಳಿಸಿದ. ಕಾವ್ಯ ಹೀಗೆ ಚರಿತ್ರೆಗಿಂತ ಮುಂದೆ ಓಡಿತು. ಕಾವ್ಯದ ಅಧ್ಯಾಪಕನಾದ ನಾನು ಅದರ ಹಿಂದೆಯೇ ಓಡಿದ್ದೆ.

ಈ ಎರಡನೆಯ ಅರ್ಧವನ್ನು ಹೇಳಿ ಮುಗಿಸಿದಾಗ ವಿದ್ಯಾರ್ಥಿನಿಲಯದ ಕೋಣೆ ಮೌನವಾಯಿತು. ಒಬ್ಬ ಹುಡುಗ ಮೆಲ್ಲನೆ, ಹಾಗಾದರೆ ಆತ ಒಳ್ಳೆಯವನೋ ಕೆಟ್ಟವನೋ ಸಾರ್ ಎಂದು ಕೇಳಿದ. ಏಪ್ರಿಲಿನ ಮನುಷ್ಯನೂ ಆಗಸ್ಟಿನ ಮನುಷ್ಯನೂ ಒಬ್ಬನೇ ಎಂದಷ್ಟೆ ನಾನು ಹೇಳಿದೆ. ಸಾವಿರಾರು ಕಣ್ಣುಗಳ ಮುಂದೆ ಎದೆಯೊಡ್ಡುವುದು ಆತನಿಗೆ ಸಾಧ್ಯವಾಯಿತು. ಯಾರೂ ನೋಡದ ಒಂದು ಕಾಗದಕ್ಕೆ ಸಹಿ ಹಾಕುವಾಗ ಸಾಧ್ಯವಾಗಲಿಲ್ಲ. ನಾವು ಅಭಿಮಾನಿಗಳು ಮೈದಾನದ ಧೈರ್ಯವನ್ನು ಮಾತ್ರ ಎಣಿಸುತ್ತೇವೆ, ಏಕೆಂದರೆ ನಮಗೆ ಕಾಣುವುದು ಅದೊಂದೇ.

ಫಾವೊರಿಟನ್ ಕೇರಿಯಲ್ಲಿ ಇಂದು ಸಿಂಡೆಲಾರನ ಹೆಸರಿನ ಬೀದಿಯೊಂದಿದೆ. ಎಂದಾದರೂ ಅಲ್ಲಿಗೆ ಹೋಗುವ ಯೋಗ ಬಂದರೆ ಆ ಬೀದಿಯಲ್ಲಿ ಖಂಡಿತ ನಡೆಯುತ್ತೇನೆ. ಆತನ ಆಟದ ಮೇಲಿನ ನನ್ನ ಮೋಹ ಕಡಮೆಯಾಗಿಲ್ಲ. ಆದರೆ ಆ ಮೇಲೆ ಡ್ರಿಲ್‌ನ ಕಾಫಿ ಗೃಹವಿದ್ದ ಸ್ಥಳವನ್ನೂ ಕೇಳಿಕೊಂಡು ಹೋಗಿ, ಅಲ್ಲಿಯೂ ಒಂದು ಗಳಿಗೆ ನಿಂತು ಬರುತ್ತೇನೆ.