ವಯನಾಡಿನ ವೀರ ಪಳಸ್ಸಿ ರಾಜ

ವಯನಾಡು ಜಿಲ್ಲೆಯ ಮಾನಂತವಾಡಿ ಪೇಟೆಗೆ ಹೋದವರು ಅಲ್ಲಿನ ಒಂದು ಸಣ್ಣ ಗುಡ್ಡವನ್ನು ಏರದೆ ಹಿಂತಿರುಗಬಾರದು. ಗುಡ್ಡದ ಮೇಲೆ ಒಂದು ಸಮಾಧಿಯಿದೆ. ಅದರ ಹತ್ತಿರವೇ ವಸ್ತುಸಂಗ್ರಹಾಲಯವಿದೆ. 1805ರಲ್ಲಿ ಮಡಿದ ಕೇರಳವರ್ಮ ಪಳಸ್ಸಿ ರಾಜನ ಸಮಾಧಿ ಅದು. ಕಿತ್ತೂರಿನ ರಾಣಿ ಚೆನ್ನಮ್ಮ ಇಂಗ್ಲಿಷರ ವಿರುದ್ಧ ಕತ್ತಿ ಹಿಡಿದದ್ದು 1824ರಲ್ಲಿ. ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲೇ ಅವರ ವಿರುದ್ಧ ಎದ್ದು ನಿಂತವನು ಈತ. ಚೆನ್ನಮ್ಮನ ಕಥೆಯನ್ನು ಬಲ್ಲ ನಮ್ಮ ವಿದ್ಯಾರ್ಥಿಗಳು ಈತನ ಕಥೆಯನ್ನೂ ಬಲ್ಲವರಾಗಬೇಕೆಂಬುದು ನಮ್ಮ ಆಸೆ.

ವಯನಾಡು ನಮಗೆ ಪರನಾಡಲ್ಲ. ಹಳೆಯ ಕನ್ನಡ ಶಾಸನಗಳಲ್ಲಿ ಇದನ್ನು ಬಯಲ್ನಾಡು ಎಂದು ಕರೆದಿದೆ. ಗಂಗರು, ಕದಂಬರು, ಹೊಯ್ಸಳರು ಇಲ್ಲಿ ಆಳಿದ್ದಾರೆ. ಕೇರಳದ ಹೊಳೆಗಳಲ್ಲಿ ಹೆಚ್ಚಿನವು ಪಡುವಣ ಕಡಲಿಗೆ ಹರಿಯುತ್ತವೆ. ಆದರೆ ವಯನಾಡಿನ ನೀರನ್ನು ಹೊತ್ತ ಕಬಿನಿ ಮೂಡಣಕ್ಕೆ ಹರಿದು, ಹೆಗ್ಗಡದೇವನಕೋಟೆಯ ಸೀಮೆಯನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಇಲ್ಲಿನ ಜೈನ ಕುಟುಂಬಗಳ ಹಿರಿಯರು ಕನ್ನಡ ನಾಡಿನಿಂದ ಬಂದವರು. ಕಾಡಿನಲ್ಲಿ ಬಾಳುವ ಕಾಟ್ಟುನಾಯ್ಕರ ಮಾತು ಕನ್ನಡಕ್ಕೆ ಬಹು ಹತ್ತಿರದ್ದು. ಇಂತಹ ಗಡಿನಾಡಿನಲ್ಲಿ ನಡೆದ ಹೋರಾಟದ ಕಥೆ ಇದು.

ಕೇರಳವರ್ಮನು 1753ರಲ್ಲಿ ಕೋಟ್ಟಯಂ ರಾಜಮನೆತನದಲ್ಲಿ ಹುಟ್ಟಿದನು. ಕೋಟ್ಟಯಂ ಎಂದೊಡನೆ ದಕ್ಷಿಣ ಕೇರಳದ ಜಿಲ್ಲೆಯನ್ನು ನೆನೆಯಬಾರದು. ಇದು ತಲಚೇರಿಯ ಹತ್ತಿರದ ಉತ್ತರ ಮಲಬಾರಿನ ಕೋಟ್ಟಯಂ. ತುಳುನಾಡಿನ ಅಳಿಯಕಟ್ಟಿನಂತೆ ಅಲ್ಲಿಯೂ ಆಸ್ತಿ, ಅಧಿಕಾರಗಳು ಮಾವನಿಂದ ಅಳಿಯನಿಗೆ ಬರುತ್ತಿದ್ದವು. ಮನೆತನದ ಪಡುವಣ ಶಾಖೆಗೆ ಸೇರಿದ ಕೇರಳವರ್ಮನ ಅರಮನೆ ಮಟ್ಟನ್ನೂರಿನ ಸಮೀಪದ ಪಳಸ್ಸಿಯಲ್ಲಿತ್ತು. ಅದರಿಂದಲೇ ಪಳಸ್ಸಿ ರಾಜ ಎಂಬ ಹೆಸರು ಬಂದಿತು. ಘಟ್ಟದ ಕೆಳಗಿನ ಕೋಟ್ಟಯಂ ಮತ್ತು ಘಟ್ಟದ ಮೇಲಿನ ವಯನಾಡು ಎರಡೂ ತನ್ನ ಮನೆತನಕ್ಕೆ ಸೇರಿದ್ದೆಂಬ ನಂಬಿಕೆಯಲ್ಲಿ ಆತ ಬೆಳೆದನು.

ಆತ ಹದಿಮೂರು ವರ್ಷದ ಬಾಲಕನಾಗಿದ್ದಾಗ, 1766ರಲ್ಲಿ, ಮೈಸೂರಿನ ಹೈದರಾಲಿ ಮಲಬಾರಿಗೆ ದಂಡೆತ್ತಿ ಬಂದನು. ಮುಂದೆ 1774ರ ಹೊತ್ತಿಗೆ ಎರಡನೆಯ ಬಾರಿ ಮೈಸೂರು ಸೇನೆ ಬಂದಾಗ ಮನೆತನದ ಹಿರಿಯರು ತಿರುವಾಂಕೂರಿಗೆ ಓಡಿಹೋದರು. ಕೇರಳವರ್ಮ ಹೋಗಲಿಲ್ಲ. ಆಗ ಆತನಿಗೆ ಇಪ್ಪತ್ತೊಂದು ವರ್ಷ. ಕಾಡು ಸೇರಿ, ಜನರನ್ನು ಕೂಡಿಸಿಕೊಂಡು ಹೋರಾಟಕ್ಕೆ ನಿಂತನು. ಅರಸರು ಓಡಿದಾಗ ಉಳಿದ ತರುಣನನ್ನು ಜನರು ಮರೆಯಲಿಲ್ಲ. ಆತನ ಮುಂದಿನ ಬಲವೆಲ್ಲ ಈ ನೆನಪಿನಿಂದಲೇ ಬಂದದ್ದೆಂದು ನಾವು ತಿಳಿಯುತ್ತೇವೆ.

ಇಲ್ಲಿ ಕನ್ನಡಿಗರಾದ ನಮಗೆ ಒಂದು ಸಂಕೋಚ ಉಂಟಾಗುವುದು ಸಹಜ. ಹೈದರ, ಟಿಪ್ಪುಗಳು ಇಂಗ್ಲಿಷರೊಡನೆ ಕಾದಿದ ಶೂರರೆಂದು ನಾವು ಓದಿದ್ದೇವೆ. ಅವರ ವಿರುದ್ಧ ಕಾದಿದವನನ್ನೂ ಶೂರನೆಂದು ಹೇಗೆ ಕರೆಯುವುದು? ಪಳಸ್ಸಿ ರಾಜನು ಮೈಸೂರಿನ ಸೇನೆಯನ್ನು ತಡೆಯಲು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕೈ ಹಿಡಿದದ್ದೂ ನಿಜ. ತಲಚೇರಿಯ ಕೋಟೆಯನ್ನು ಮೈಸೂರು ಸೇನೆ ಮುತ್ತಿದಾಗ ಆತನ ಜನರು ಕಂಪನಿಗೆ ನೆರವಾದರು. ಇದನ್ನು ಮುಚ್ಚಿಡುವುದು ಸರಿಯಲ್ಲ. ಆ ಕಾಲದ ಅರಸನಿಗೆ ಇಡೀ ಭಾರತವೆಂಬ ಕಲ್ಪನೆ ಇರಲಿಲ್ಲ. ತನ್ನ ನಾಡಿಗೆ ನುಗ್ಗಿದವನು ವೈರಿ, ಅವನ ವೈರಿ ತನ್ನ ಮಿತ್ರ ಎಂಬುದಷ್ಟೇ ಆತನ ಲೆಕ್ಕವಾಗಿತ್ತು. ಕಡಲಾಚೆಯಿಂದ ಮೆಣಸು ಕೊಳ್ಳಲು ಬಂದ ವರ್ತಕರು ನಾಡನ್ನೇ ಕೊಳ್ಳುವವರೆಂದು ಆತನಿಗೆ ತಿಳಿದದ್ದು ತಡವಾಗಿ.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಸೋತ ಟಿಪ್ಪು ಮಲಬಾರನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಅಲ್ಲಿ ಉಳುವ ರೈತರನ್ನಾಗಲಿ, ನೆರವಾದ ಅರಸರನ್ನಾಗಲಿ ಯಾರೂ ಕೇಳಲಿಲ್ಲ. ಸಹಾಯ ಮಾಡಿದ ಪಳಸ್ಸಿ ರಾಜನಿಗೆ ಕಂಪನಿ ಕೊಟ್ಟ ಪ್ರತಿಫಲವಾದರೂ ಏನು? ಕೋಟ್ಟಯಂ ನಾಡಿನ ಕಂದಾಯ ವಸೂಲಿಯ ಗುತ್ತಿಗೆಯನ್ನು 1793ರಲ್ಲಿ ಆತನ ಸೋದರಮಾವನಾದ, ಕುರುಂಬ್ರನಾಡಿನ ಅರಸ ವೀರವರ್ಮನಿಗೆ ಕೊಟ್ಟುಬಿಟ್ಟಿತು. ಗುತ್ತಿಗೆಯ ಹಣವನ್ನು ತುಂಬಬೇಕಾದರೆ ರೈತರನ್ನು ಹಿಂಡಲೇಬೇಕು. ಮೆಣಸಿನ ಬಳ್ಳಿಗಳನ್ನು ಎಣಿಸಿ ತೆರಿಗೆ ಹಾಕುವ ಏರ್ಪಾಡೂ ನಡೆಯಿತು.

ಪಳಸ್ಸಿ ರಾಜನು ಸುಮ್ಮನಿರಲಿಲ್ಲ. ಕಂದಾಯ ಕೊಡಬಾರದೆಂದು ಜನರಿಗೆ ಆಜ್ಞೆ ಮಾಡಿದನು. ಬಳ್ಳಿಗಳ ಲೆಕ್ಕವನ್ನು ನಿಲ್ಲಿಸದಿದ್ದರೆ ಅವನ್ನೆಲ್ಲ ಕಡಿಸಿಹಾಕುವುದಾಗಿ ಎಚ್ಚರಿಸಿದನು. ಮೆಣಸೇ ಕಂಪನಿಯ ಪ್ರಾಣ. ಪೆಟ್ಟು ಎಲ್ಲಿಗೆ ಹಾಕಬೇಕೆಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. 1796ರ ಏಪ್ರಿಲಿನಲ್ಲಿ ಕಂಪನಿಯ ಪಡೆ ಪಳಸ್ಸಿಯ ಅರಮನೆಗೆ ನುಗ್ಗಿ ಅಲ್ಲಿದ್ದುದನ್ನು ದೋಚಿತು. ಆದರೆ ರಾಜ ಸಿಗಲಿಲ್ಲ. ಘಟ್ಟ ಹತ್ತಿ ವಯನಾಡಿನ ಕಾಡು ಸೇರಿದ್ದನು. 1797ರ ಮಾರ್ಚಿನಲ್ಲಿ ಪೆರಿಯ ಘಾಟಿಯನ್ನು ಇಳಿಯುತ್ತಿದ್ದ ಸುಮಾರು 1,100 ಜನರ ಕಂಪನಿ ದಂಡಿನ ಮೇಲೆ ರಾಜನ ಜನರು ಎರಡೂ ಬದಿಯ ಕಾಡಿನಿಂದ ಎರಗಿದರು. ಮೇಜರ್ ಕ್ಯಾಮರನ್ ಮೊದಲಾದ ಅಧಿಕಾರಿಗಳು ಅಲ್ಲಿಯೇ ಮಡಿದರು.

ಈ ಕಾಲದಲ್ಲಿ ಮತ್ತೊಂದು ಮಾರ್ಪಾಡಾಯಿತು. ಹಿಂದೆ ಮೈಸೂರಿನ ವೈರಿಯಾಗಿದ್ದ ಪಳಸ್ಸಿ ರಾಜ ಈಗ ಟಿಪ್ಪುವಿನ ಅಧಿಕಾರಿಗಳೊಡನೆ ಮಾತುಕತೆ ನಡೆಸಿದನು. ಇಬ್ಬರಿಗೂ ದೊಡ್ಡ ವೈರಿ ಯಾರೆಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು. ಮೇಲೆ ಹೇಳಿದ ಸಂಕೋಚಕ್ಕೆ ಇತಿಹಾಸವೇ ಹೀಗೆ ಅರ್ಧ ಉತ್ತರ ಕೊಟ್ಟಿದೆ.

ಕಂಪನಿ ಹಿಂಜರಿಯಿತು. ಮುಂಬಯಿಯ ಗವರ್ನರ್ ಜೊನಾಥನ್ ಡಂಕನ್ ತಾನೇ ಬಂದು 1797ರಲ್ಲಿ ಸಂಧಾನ ಮಾಡಿದನು. ವೀರವರ್ಮನಿಗೆ ಕೊಟ್ಟ ಗುತ್ತಿಗೆ ರದ್ದಾಯಿತು. ಪಳಸ್ಸಿ ರಾಜನಿಗೆ ವರ್ಷಕ್ಕೆ 8,000 ರೂಪಾಯಿಗಳ ವಿಶ್ರಾಂತಿ ವೇತನ ಗೊತ್ತಾಯಿತು. ಇಷ್ಟಕ್ಕೇ ತೃಪ್ತನಾಗಿದ್ದರೆ ಆತ ಸುಖವಾಗಿ ಬಾಳಿ, ಸುಖವಾಗಿ ಸತ್ತು, ಮರೆತುಹೋಗುತ್ತಿದ್ದನು.

1799ರ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದನು. ಒಡನೆಯೇ ಕಂಪನಿಯ ಕಣ್ಣು ವಯನಾಡಿನ ಮೇಲೆ ಬಿದ್ದಿತು. ಅದು ತನ್ನ ನಾಡು ಎಂದು ಪಳಸ್ಸಿ ರಾಜ ಹೇಳಿದನು. ಹೀಗೆ ಎರಡನೆಯ ಹೋರಾಟ ಆರಂಭವಾಯಿತು. ಈ ಬಾರಿ ಎದುರಿಗೆ ಬಂದವನು ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದ ಮೇಲೆ ಅವನು ವಯನಾಡಿನ ಕಡೆ ತಿರುಗಿದನು. ಕಾಡು ಕಡಿಸಿ ರಸ್ತೆ ಮಾಡಿಸುವುದು, ಅಲ್ಲಲ್ಲಿ ಠಾಣೆ ಕಟ್ಟುವುದು, ಮೈಸೂರಿನ ಕಡೆಯಿಂದಲೂ ಮಲಬಾರಿನ ಕಡೆಯಿಂದಲೂ ಸೇನೆ ನಡೆಸಿ ರಾಜನನ್ನು ನಡುವೆ ಸಿಕ್ಕಿಸುವುದು ಅವನ ಉಪಾಯವಾಗಿತ್ತು. 1801ರ ಹೊತ್ತಿಗೆ ವಯನಾಡಿನ ಮುಖ್ಯ ಠಾಣೆಗಳೆಲ್ಲ ಕಂಪನಿಯ ಕೈ ಸೇರಿದವು. ರಾಜನ ಬಲಗೈಯಂತಿದ್ದ ಕಣ್ಣವತ್ತ್ ಶಂಕರನ್ ನಂಬಿಯಾರನನ್ನು ಹಿಡಿದು ಗಲ್ಲಿಗೇರಿಸಿದರು. ಹೋರಾಟ ಮುಗಿಯಿತೆಂದೇ ಅಧಿಕಾರಿಗಳು ಎಣಿಸಿದರು.

ಆದರೆ ಅವರು ರಾಜನನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದರು, ಜನರನ್ನು ಮರೆತಿದ್ದರು. ಬೆಟ್ಟದಲ್ಲಿ ಬೇಸಾಯ ಮಾಡಿ ಬದುಕುವ ಕುರಿಚ್ಯರು ಬಿಲ್ಲುವಿದ್ಯೆಯಲ್ಲಿ ನಿಪುಣರು. 1802ರಲ್ಲಿ ಕಂಪನಿಯ ಒಬ್ಬ ಸೇವಕ ಕುರಿಚ್ಯನೊಬ್ಬನ ಬಳಿಗೆ ಬಂದು ಬತ್ತ ಕೊಡೆಂದು ಒತ್ತಾಯಿಸಿದನು. ಅಲ್ಲಿದ್ದ ಎಡಚ್ಚನ ಕುಂಗನ್ ನಾಯರ್ ಅದನ್ನು ಸಹಿಸದೆ ಆ ಸೇವಕನನ್ನು ಕೊಂದುಹಾಕಿದನು. ಕಿಡಿ ಹೊತ್ತಿಕೊಂಡಿತು. ಅಕ್ಟೋಬರ್ 11ರಂದು ಕುಂಗನೂ ಕುರಿಚ್ಯರ ನಾಯಕ ತಲಕ್ಕಲ್ ಚಂದುವೂ ಸುಮಾರು 150 ಬಿಲ್ಲುಗಾರರೊಡನೆ ಪನಮರಂ ಠಾಣೆಯ ಮೇಲೆ ಬಿದ್ದರು. ಇಬ್ಬರು ಇಂಗ್ಲಿಷ್ ಅಧಿಕಾರಿಗಳೂ ಠಾಣೆಯ ಸುಮಾರು 70 ಸಿಪಾಯಿಗಳೂ ಹತರಾದರು. 112 ಬಂದೂಕುಗಳು, ಮದ್ದುಗುಂಡಿನ ಪೆಟ್ಟಿಗೆಗಳು, 6,000 ರೂಪಾಯಿ ಹೋರಾಟಗಾರರಿಗೆ ದೊರೆತವು. ಪುಲ್ಪಳ್ಳಿಯ ದೇವಸ್ಥಾನದಿಂದ ಕುಂಗನ್ ಕರೆ ಕಳುಹಿಸಿದಾಗ ಮೂರು ಸಾವಿರ ಜನ ಕೂಡಿದರೆಂದು ಕಂಪನಿಯ ಕಾಗದಪತ್ರಗಳೇ ಒಪ್ಪಿಕೊಂಡಿವೆ. 1803ರಲ್ಲಿ ಮರಾಠರ ಮೇಲಿನ ಯುದ್ಧಕ್ಕೆಂದು ವೆಲ್ಲೆಸ್ಲಿ ಉತ್ತರಕ್ಕೆ ಹೊರಟಾಗ ವಯನಾಡು ಇನ್ನೂ ಆರಿರಲಿಲ್ಲ.

ದೊಡ್ಡ ಸೇನೆಯಿಂದ ಆಗದ ಕೆಲಸವನ್ನು ಒಬ್ಬ ಚತುರ ಅಧಿಕಾರಿ ಬೇರೆ ದಾರಿಯಿಂದ ಮಾಡಿದನು. ಅವನೇ ತಲಚೇರಿಯ ಸಬ್ ಕಲೆಕ್ಟರ್ ಥಾಮಸ್ ಹಾರ್ವೆ ಬೇಬರ್. ಸ್ಥಳೀಯರಿಂದಲೇ ಕೂಡಿದ ಕೋಲ್ಕಾರರೆಂಬ ಪೊಲೀಸ್ ಪಡೆಯನ್ನು ಅವನು ಮುಂದೆ ಬಿಟ್ಟನು. 1804ರ ಜೂನ್ ತಿಂಗಳಲ್ಲಿ ರಾಜನ ತಲೆಗೆ 3,000 ವರಹ ಬಹುಮಾನವೆಂದು ಸಾರಲಾಯಿತು. ಹೋರಾಟಗಾರರಿಗೆ ಅಕ್ಕಿ ಒದಗದಂತೆ ದಾರಿಗಳನ್ನು ಕಾಯಲಾಯಿತು. ಬೆದರಿಕೆ, ಆಸೆ, ಹಸಿವು ಈ ಮೂರೂ ಸೇರಿ ಬಿಲ್ಲಿಗೂ ಬಂದೂಕಿಗೂ ಬಗ್ಗದವರನ್ನು ಬಗ್ಗಿಸಿದವು. ಸುಳಿವು ಕೊಡುವವರು ಸಿಕ್ಕಿದರು. 1805ರಲ್ಲಿ ಚಂದು ಸೆರೆಸಿಕ್ಕಿ ಪ್ರಾಣ ಬಿಟ್ಟನು.

ಅದೇ ವರ್ಷ ನವೆಂಬರ್ 30ರಂದು, ಪುಲ್ಪಳ್ಳಿಯ ಆಚೆ, ಮೈಸೂರಿನ ಗಡಿಗೆ ಕೂಗಳತೆಯ ದೂರದ ಹಳ್ಳದ ದಂಡೆಯಲ್ಲಿ ಪಳಸ್ಸಿ ರಾಜನನ್ನು ಸುತ್ತುವರಿದರು. ಆತನೊಡನೆ ಕೆಲವೇ ಮಂದಿ ಇದ್ದರು. ಅಲ್ಲಿ ನಡೆದ ಕಾದಾಟದಲ್ಲಿ ಆತ ಸತ್ತನೆಂದು ಕಂಪನಿಯ ದಾಖಲೆ ಹೇಳುತ್ತದೆ. ವೈರಿಯ ಕೈಗೆ ಸಿಕ್ಕಬಾರದೆಂದು ವಜ್ರದುಂಗುರವನ್ನು ನುಂಗಿ ಪ್ರಾಣ ಬಿಟ್ಟನೆಂದು ವಯನಾಡಿನ ಜನರು ಇಂದಿಗೂ ಹೇಳುತ್ತಾರೆ. ಆಗ ಆತನ ವಯಸ್ಸು 52. ಬೇಬರನು ರಾಜನ ದೇಹವನ್ನು ತನ್ನ ಸ್ವಂತ ಪಲ್ಲಕ್ಕಿಯಲ್ಲಿ ಹೊರಿಸಿ ಮಾನಂತವಾಡಿಗೆ ತರಿಸಿದನು. ಸಂಪ್ರದಾಯಕ್ಕೆ ತಕ್ಕ ಮರ್ಯಾದೆಯಿಂದ ಅಂತ್ಯಕ್ರಿಯೆ ಮಾಡಿಸಿದನು. ಈತ ಈ ನಾಡಿನ ಸಹಜ ಒಡೆಯರಲ್ಲಿ ಒಬ್ಬನಾಗಿದ್ದನೆಂದು ಮೇಲಧಿಕಾರಿಗೆ ಬರೆದು ಗೌರವ ಸೂಚಿಸಿದನು. ಗೆದ್ದವನೇ ಸೋತವನ ಹಿರಿಮೆಯನ್ನು ಹೀಗೆ ಒಪ್ಪಿಕೊಂಡದ್ದು ಅಪರೂಪದ ಸಂಗತಿ.

ವಿದ್ಯಾರ್ಥಿಗಳೇ, ಇದೇ ಕಾಲದಲ್ಲಿ ಯುರೋಪಿನಲ್ಲಿ ಏನಾಗುತ್ತಿತ್ತೆಂಬುದನ್ನೂ ಸ್ವಲ್ಪ ನೋಡೋಣ. 1789ರಲ್ಲಿ ಫ್ರಾನ್ಸಿನ ಜನ ಎದ್ದು, ನಾಡು ಅರಸನ ಸ್ವತ್ತಲ್ಲ, ಪ್ರಜೆಗಳದು ಎಂದು ಸಾರಿದ್ದರು. ಅದೇ ಫ್ರಾನ್ಸಿನ ನೆಪೋಲಿಯನ್ ಮುಂದೆ ಚಕ್ರವರ್ತಿಯಾಗಿ ನೆರೆಯ ನಾಡುಗಳನ್ನು ತುಳಿದನು. 1808ರಲ್ಲಿ ಸ್ಪೇನ್ ದೇಶದ ಜನರು ಅವನ ವಿರುದ್ಧ ಬೆಟ್ಟಗಳಲ್ಲಿ ಅಡಗಿ ಹೋರಾಡಿದರು. ಇಂದು ನಾವು ಬಳಸುವ ಗೆರಿಲ್ಲಾ ಎಂಬ ಮಾತು ಅವರ ಭಾಷೆಯಿಂದಲೇ ಬಂದದ್ದು. ಸಣ್ಣ ಯುದ್ಧ ಎಂದು ಅದರ ಅರ್ಥ. ಆ ಜನರ ಪಕ್ಷ ವಹಿಸಿ ನೆಪೋಲಿಯನ್ನನ ಸೇನೆಯೊಡನೆ ಕಾದಿದ ಇಂಗ್ಲಿಷ್ ದಂಡನಾಯಕ ಯಾರು? ವಯನಾಡಿನಲ್ಲಿ ಪಳಸ್ಸಿ ರಾಜನನ್ನು ಬೆನ್ನಟ್ಟಿದ ಅದೇ ವೆಲ್ಲೆಸ್ಲಿ! 1815ರಲ್ಲಿ ವಾಟರ್ಲೂ ಎಂಬಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ಪ್ರಸಿದ್ಧನಾದ ವೆಲಿಂಗ್ಟನ್ ಪ್ರಭು ಇವನೇ. ಸ್ಪೇನಿನ ರೈತ ತನ್ನ ನೆಲಕ್ಕಾಗಿ ಕಾದಿದರೆ ದೇಶಭಕ್ತ. ವಯನಾಡಿನ ಕುರಿಚ್ಯ ಕಾದಿದರೆ ದಂಗೆಕೋರ! ಅಧಿಕಾರದ ಕಣ್ಣಿಗೆ ಒಂದೇ ಕೆಲಸ ಹೀಗೆ ಎರಡಾಗಿ ಕಾಣುತ್ತದೆ. ಇತಿಹಾಸ ಓದುವ ನಾವು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು.

ಅದೇ ತಕ್ಕಡಿಯಲ್ಲಿ ಪಳಸ್ಸಿ ರಾಜನನ್ನೂ ತೂಗೋಣ. ಆತ ಪ್ರಜಾಪ್ರಭುತ್ವವನ್ನು ಬಲ್ಲವನಲ್ಲ. ಮೊದಲಿಗೆ ಹೋರಾಡಿದ್ದು ತನ್ನ ಮನೆತನದ ಹಕ್ಕಿಗಾಗಿ. ಕಂಪನಿಯನ್ನು ನಂಬಿ ಮೋಸಹೋದದ್ದೂ ಉಂಟು. ಆದರೂ ವರ್ಷಕ್ಕೆ ಎಂಟು ಸಾವಿರದ ಸುಖವನ್ನು ಬಿಟ್ಟು ಕಾಡಿನ ಹಸಿವನ್ನು ಆರಿಸಿಕೊಂಡನು. ಅರಮನೆ, ಖಜಾನೆ, ಕೋಟೆ ಎಲ್ಲವೂ ಹೋದ ಮೇಲೂ ಒಂಬತ್ತು ವರ್ಷ ಆತನನ್ನು ಬದುಕಿಸಿದ್ದು ಬೆಟ್ಟದ ಜನರ ನಂಬಿಕೆ. ಆ ನಂಬಿಕೆಯನ್ನು ಹಸಿವಿನಿಂದಲೂ ಹಣದಿಂದಲೂ ಸಡಿಲಿಸಿದ ದಿನ ಆತ ಸೋತನು. ನಿಜವಾದ ಅಧಿಕಾರದ ಬೇರು ಎಲ್ಲಿರುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ರಾಜ ಹೋದರೂ ಜನರ ಕೆಚ್ಚು ಹೋಗಲಿಲ್ಲ. ದವಸದ ಬದಲು ಹಣದಲ್ಲಿಯೇ ಕಂದಾಯ ಕೊಡಬೇಕೆಂದು ಕಂಪನಿ ಪೀಡಿಸಿದಾಗ, 1812ರಲ್ಲಿ ಕುರಿಚ್ಯರೂ ಕುರುಮರೂ ಮತ್ತೆ ಎದ್ದರು. ಆಗ ಅವರ ಮುಂದೆ ಯಾವ ಅರಸನೂ ಇರಲಿಲ್ಲ. ಆ ದಂಗೆಯನ್ನೂ ಅಡಗಿಸಲಾಯಿತು. ಆದರೆ ನೆಲ ನಮ್ಮದು ಎಂದು ಹೇಳಲು ಅರಸನೇ ಬೇಕಿಲ್ಲ ಎಂಬುದನ್ನು ಅವರು ತೋರಿಸಿಕೊಟ್ಟರು. ಮುಂದೆ ನಮ್ಮ ಸ್ವಾತಂತ್ರ್ಯ ಸಂಗ್ರಾಮ ಬೆಳೆದದ್ದು ಇಂತಹ ಬೀಜಗಳಿಂದಲೇ.

ಇಂದು ವಯನಾಡಿಗೆ ಪ್ರವಾಸ ಹೋಗುವವರು ಜಲಪಾತ, ಗುಹೆ, ಕಾಡುಗಳನ್ನು ನೋಡಿ ಬರುತ್ತಾರೆ. ನಮ್ಮ ಮಕ್ಕಳೂ ಅವರ ತಂದೆತಾಯಿಯರೂ ಮಾನಂತವಾಡಿಯ ಗುಡ್ಡದಲ್ಲಿ ಒಂದು ಗಳಿಗೆ ನಿಲ್ಲಲಿ. ಹಾಗೆಯೇ ಪನಮರಂನಲ್ಲಿ ತಲಕ್ಕಲ್ ಚಂದುವಿನ ಸ್ಮಾರಕದ ಮುಂದೆಯೂ ನಿಲ್ಲಲಿ. ರಾಜನಿಗೆ ಒಂದು ಹೂವು ಇಡುವಾಗ, ಆತನಿಗಾಗಿ ಬಿಲ್ಲು ಹಿಡಿದು ಹೆಸರಿಲ್ಲದೆ ಮಡಿದ ಬಡವರಿಗೂ ಒಂದು ಹೂವು ಸಲ್ಲಲಿ ಎಂದು ನಾವು ಹಾರೈಸುತ್ತೇವೆ.