ಗೊತ್ತಿರುವ ಭಯ: ಪಂಡಿತಾ ರಮಾಬಾಯಿಯವರ ಜೀವಿತದಿಂದ (ಭಾನುವಾರದ ಸಂದೇಶ)

ದೇವಜನರೇ, ಕಳೆದ ವಾರ ಯೆಹೋಶುವ ಮೂರನೇ ಅಧ್ಯಾಯ ಧ್ಯಾನಿಸಿದ್ವಿ. ಯಾಜಕರ ಕಾಲು ಯೊರ್ದನ್ ಹೊಳೆಯ ನೀರಿಗೆ ತಾಕಿದ ಮೇಲೇ ನೀರು ನಿಂತಿದ್ದು, ಮೊದಲಲ್ಲ. ಆರಾಧನೆ ಮುಗಿದ ಮೇಲೆ ಒಬ್ಬ ಸಹೋದರಿ ಬಂದು ಕೇಳಿದ್ರು: ಪಾಸ್ಟರ್, ಆ ಹೊಳೇಲಿ ಒಂದ್ಸಲ ಮುಳುಗಿ ಎದ್ದು ಬಂದವಳು ಮತ್ತೆ ಹೇಗೆ ಕಾಲಿಡೋದು ಅಂತ. ನನಗೆ ಆಗ ಉತ್ತರ ಹೊಳೀಲಿಲ್ಲ. ವಾರ ಪೂರ್ತಿ ಅದೇ ಮನಸ್ಸಲ್ಲಿತ್ತು. ಅದಕ್ಕೇ ಇವತ್ತು ಪಂಡಿತಾ ರಮಾಬಾಯಿಯವರ ಜೀವಿತ ಹೇಳ್ತೀನಿ.

ಅವರನ್ನು ಮಹಾರಾಷ್ಟ್ರದವರು ಅಂತ ಎಲ್ಲರೂ ಹೇಳ್ತಾರೆ. ಹುಟ್ಟಿದ್ದು ನಮ್ಮ ಕಾಡಲ್ಲಿ, ಕುದುರೆಮುಖದ ಹತ್ತಿರ ಗಂಗಾಮೂಲದಲ್ಲಿ, 1858ರಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಮಾಳದವರು, ದೊಡ್ಡ ಸಂಸ್ಕೃತ ಪಂಡಿತರು. ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಅನ್ನೋ ಕಾಲದಲ್ಲಿ ಹೆಂಡತಿಗೆ ಕಲಿಸಿದ್ರು, ಅದಕ್ಕಾಗಿ ವಿರೋಧ ಎದುರಿಸಿದ್ರು. ಆ ಧೈರ್ಯ ಸಣ್ಣದಲ್ಲ, ನಾವು ಅದನ್ನು ಗೌರವಿಸಬೇಕು. ರಮಾಗೆ ಇನ್ನೂ ಕೆಲವೇ ತಿಂಗಳಾಗಿದ್ದಾಗ ಕುಟುಂಬ ಕಾಡು ಬಿಟ್ಟು ತೀರ್ಥಯಾತ್ರೆ ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಹೊತ್ತುಕೊಂಡು ಹೋದರಂತೆ.

ಆಮೇಲೆ ಬರ ಬಂತು. ರಮಾಗೆ ಹದಿನಾರು ವರ್ಷ. ತಂದೆ ತೀರಿಹೋದ್ರು. ಕೆಲವೇ ತಿಂಗಳಲ್ಲಿ ತಾಯಿ ಹಾಸಿಗೆ ಹಿಡಿದ್ರು, ಜ್ವರದಲ್ಲಿ ಊಟದ ಬಗ್ಗೆಯೇ ಕನವರಿಸ್ತಿದ್ರು. ಹುಡುಗಿ ಒಂದು ತುಂಡು ಸಜ್ಜೆ ರೊಟ್ಟಿ ಬೇಡೋಕೆ ಹೋದಳು. ಹೋಗಿ ನಿಂತಳು, ನಾಚಿಕೆಗೆ ಬಾಯೇ ಬರಲಿಲ್ಲ, ಬರೀ ಕಣ್ಣೀರು. ಆ ಮನೆಯಾಕೆ ತಾನೇ ಅರ್ಥ ಮಾಡಿಕೊಂಡು ಕೊಟ್ಟಳು. ತಂದು ಕೊಟ್ಟರೆ ತಾಯಿಗೆ ನುಂಗೋ ಶಕ್ತಿ ಇರಲಿಲ್ಲ. ಸತ್ತ ಮೇಲೆ ಹೊರೋಕೆ ಸಾಕಷ್ಟು ಜನ ಸಿಗಲಿಲ್ಲ. ಮಗಳೂ ಚಟ್ಟಕ್ಕೆ ಹೆಗಲು ಕೊಡಬೇಕಾಯ್ತು. ಗಿಡ್ಡ ಹುಡುಗಿ, ಹೆಗಲಿಗೆ ನಿಲುಕದೆ ತಲೆ ಮೇಲೆ ಹೊತ್ತಳು. ಅಕ್ಕನೂ ತೀರಿಹೋದಳು. ಇದು ಮರೆಯೋ ವಿಷಯನಾ, ಹೇಳಿ?

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡ್ತೀನಿ. ಕಲ್ಕತ್ತೆಯ ವಿದ್ವಾಂಸರು ಪಂಡಿತಾ ಅಂತ, ಸರಸ್ವತಿ ಅಂತ ಬಿರುದು ಕೊಟ್ರು. 1880ರಲ್ಲಿ ಉಳಿದಿದ್ದ ಅಣ್ಣ ಹೋದ. ಅದೇ ವರ್ಷ ಮದುವೆ. 1882ರಲ್ಲಿ ಗಂಡ ಕಾಲರಾದಿಂದ ತೀರಿಕೊಂಡ್ರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. ವೈದ್ಯಶಾಸ್ತ್ರ ಕಲಿಯೋಕೆ 1883ರಲ್ಲಿ ಇಂಗ್ಲೆಂಡಿಗೆ ಹೋದ್ರು, ಕಿವಿ ಸರಿಯಾಗಿ ಕೇಳದ ಕಾರಣ ಆ ಬಾಗಿಲೂ ಮುಚ್ಚಿತು. ಜೊತೆಗೆ ಬಂದಿದ್ದ ಗೆಳತಿ ಅಲ್ಲೇ ತನ್ನ ಪ್ರಾಣ ತಾನೇ ಕಳೆದುಕೊಂಡಳು. ಅದಾದ ಮೇಲೆ ರಮಾಬಾಯಿಯವರಿಗೆ ರಾತ್ರಿ ಒಬ್ಬರೇ ಮಲಗೋಕೆ ಆಗ್ತಿರಲಿಲ್ಲ. ಇಷ್ಟು ದೊಡ್ಡ ಪಂಡಿತೆ! ಅದೇ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನ ತಗೊಂಡ್ರು. ಆದರೆ ಅವರ ಸಾಕ್ಷಿ ಏನಂದ್ರೆ, ಅವತ್ತು ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನು ಸಿಕ್ಕಿದ್ದು ಸುಮಾರು ಎಂಟು ವರ್ಷ ಆದಮೇಲೆ. ನಮ್ಮಲ್ಲೂ ಎಷ್ಟೋ ಜನ ಆ ಎಂಟು ವರ್ಷದ ಮಧ್ಯೆ ಇದ್ದೀವಿ.

ಈಗ ಆ ಸಹೋದರಿಯ ಪ್ರಶ್ನೆಗೆ ಬರ್ತೀನಿ. 1896ರಲ್ಲಿ ಮಧ್ಯಭಾರತದಲ್ಲಿ ಮತ್ತೆ ಬರ. ಆಗ ರಮಾಬಾಯಿಯವರು ಪುಣೆಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ನಡೆಸ್ತಿದ್ರು. ಸುದ್ದಿ ಕೇಳ್ತಿದ್ದಂತೆ ಹಳೆಯ ದಿನಗಳೆಲ್ಲ ಕಣ್ಣ ಮುಂದೆ ಬಂದವು. ಹಣ ಇಲ್ಲ, ಶಕ್ತಿ ಇಲ್ಲ ಅಂತ ಮೊದಲು ಮನಸ್ಸನ್ನು ಸುಮ್ಮನಾಗಿಸೋಕೆ ನೋಡಿದ್ರು. ಗೊತ್ತಿಲ್ಲದ್ದಕ್ಕೆ ಹೆದರೋದು ಬೇರೆ, ಪ್ರಿಯರೇ. ಇವರಿಗೆ ಹಸಿವು ಗೊತ್ತಿತ್ತು, ಅದರ ಮುಖ ಗೊತ್ತಿತ್ತು. ಆದರೆ ಸಜ್ಜೆ ರೊಟ್ಟಿಗಾಗಿ ಬಾಯಿಬಿಡಲಾಗದೆ ನಿಂತವಳಿಗೇ ಅಲ್ಲವೇ, ಬೇಡಲಾಗದೆ ನಿಂತ ಇನ್ನೊಂದು ಹುಡುಗಿ ಕಾಣೋದು? ದೇವರು ಆ ನೆನಪನ್ನು ಅಳಿಸಲಿಲ್ಲ. ಅದನ್ನೇ ಹಿಡಿದು ಕಳುಹಿಸಿದನು.

ಹೋದ್ರು. ನೂರಾರು ಹುಡುಗಿಯರನ್ನು ಕರೆತಂದ್ರು. ಅಷ್ಟರಲ್ಲಿ ಪುಣೆಗೆ ಪ್ಲೇಗ್. ಊರೊಳಗೆ ಅವರನ್ನೆಲ್ಲ ಇಡುವಂತಿಲ್ಲ. ಕೇಡಗಾಂವ್‌ನಲ್ಲಿ ತೆಗೆದಿಟ್ಟಿದ್ದ ಹೊಲಕ್ಕೆ ಕರ್ಕೊಂಡು ಹೋದ್ರು. ರಾತ್ರಿ ಒಬ್ಬರೇ ಮಲಗೋಕೆ ಆಗದಿದ್ದವರು ಬಯಲಲ್ಲಿ ಆ ಮಕ್ಕಳ ಕಾವಲಿಗೆ ನಿಂತ್ರು. ಅದೇ ಮುಕ್ತಿ ಮಿಷನ್. ಮೆಜೆಸ್ಟಿಕ್‌ನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಪುಣೆಗೆ ಹೋದವರು ಆ ಊರು ದಾಟಿಯೇ ಹೋಗಿರ್ತೀರಿ. 1900ರ ಗುಜರಾತಿನ ಬರದ ಮೇಲೆ ಅಲ್ಲಿ ಸುಮಾರು 2,000 ಹೆಂಗಸರು, ಮಕ್ಕಳು. 1905ರಲ್ಲಿ ಆ ಹುಡುಗಿಯರ ಮೇಲೆಯೇ ಆತ್ಮನ ಸುರಿಮಳೆ ಆಯ್ತು, ಅಜೂಸಾ ಬೀದಿಯ ಉಜ್ಜೀವನಕ್ಕಿಂತ ಒಂದು ವರ್ಷ ಮೊದಲೇ. ಹಲ್ಲೆಲೂಯಾ! ಬರಗಾಲದ ಮಕ್ಕಳು, ಸ್ವಾಮಿ!

ಅವರು ಇಬ್ರಿಯ, ಗ್ರೀಕ್ ಕಲಿತು ಸತ್ಯವೇದವನ್ನು ಸರಳ ಮರಾಠಿಗೆ ತಂದ್ರು. 1921ರಲ್ಲಿ ಮನೋರಮಾ ತೀರಿಕೊಂಡ್ರು. ಅದಾದ ಮೇಲೂ ತಾಯಿ ಆ ಕೆಲಸ ಕೈಬಿಡಲಿಲ್ಲ. 1922ರ ಏಪ್ರಿಲ್ 5ರಂದು ಕರ್ತನ ಬಳಿ ಸೇರಿದ್ರು.

ನನಗೆ ಪ್ರಶ್ನೆ ಕೇಳಿದ ಸಹೋದರಿ ಇವತ್ತೂ ಬಂದಿದ್ದಾರೆ. ಹಿಂದೆ ಒಂದ್ಸಲ ಹೊಲಿಗೆ ಅಂಗಡಿ ಇಟ್ಟು ಸಾಲದಲ್ಲಿ ಮುಳುಗಿದ್ದವರು. ನಾಳೆ ಹತ್ತು ಗಂಟೆಗೆ ಬಸವೇಶ್ವರನಗರದಲ್ಲಿ ಮತ್ತೊಂದು ಮಳಿಗೆಯ ಬಾಡಿಗೆ ಕರಾರಿಗೆ ಸಹಿ ಹಾಕಬೇಕು. ಕೈ ಇನ್ನೂ ನಡುಗುತ್ತೆ ಅಂದ್ರು. ಎಲ್ಲರೂ ಎದ್ದು ನಿಲ್ಲೋಣ. ಅಕ್ಕಂದಿರೇ, ಇಬ್ಬರು ಮುಂದೆ ಬಂದು ಅವರ ಪಕ್ಕ ನಿಂತ್ಕೊಳ್ಳಿ. ಪ್ರಾರ್ಥಿಸೋಣ.