ಎಫ್‌ಎಂ ರೇಡಿಯೊದ ಜನಕ ಆರ್ಮ್‌ಸ್ಟ್ರಾಂಗ್
ಗುಡುಗು-ಮಿಂಚಿನ ನಡುವೆಯೂ ಎಫ್‌ಎಂ ರೇಡಿಯೊ ಗೊರಗೊರ ಸದ್ದಿಲ್ಲದೆ ಹಾಡುತ್ತದೆ. ಇದನ್ನು ಸಾಧ್ಯವಾಗಿಸಿದವರು ಅಮೆರಿಕದ ಎಂಜಿನಿಯರ್ ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್.

1890ರ ಡಿಸೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಅವರು, ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ ವರ್ಧಿತ ಸಂಕೇತದ ಒಂದು ಭಾಗವನ್ನು ಮರಳಿ ನಿರ್ವಾತ ನಳಿಕೆಗೇ ಉಣಿಸುವ ವಿದ್ಯುನ್ಮಂಡಲವನ್ನು 1912ರಲ್ಲಿ ರೂಪಿಸಿದರು. ಅದರ ಹಕ್ಕಿಗಾಗಿ ಲೀ ಡಿ ಫಾರೆಸ್ಟ್ ಜೊತೆ ನಡೆದ ದೀರ್ಘ ವ್ಯಾಜ್ಯದಲ್ಲಿ 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪಿತ್ತಿತು.

ಮೊದಲ ಮಹಾಯುದ್ಧದಲ್ಲಿ ಪ್ಯಾರಿಸ್‌ನಲ್ಲಿ ಸೇನಾಧಿಕಾರಿಯಾಗಿದ್ದ ಅವರು 1918ರಲ್ಲಿ ಸೂಪರ್‌ಹೆಟರೊಡೈನ್ ಗ್ರಾಹಕವನ್ನು ಕಂಡುಹಿಡಿದರು. ಬರುವ ತರಂಗವನ್ನು ಗ್ರಾಹಕವೇ ಉತ್ಪಾದಿಸುವ ಮತ್ತೊಂದು ತರಂಗದೊಡನೆ ಬೆರೆಸಿ, ನಿಶ್ಚಿತ ಆವರ್ತನಕ್ಕೆ ಇಳಿಸಿ ವರ್ಧಿಸುವ ಈ ವಿಧಾನ ರೇಡಿಯೊ, ಟಿ.ವಿ., ರಡಾರ್‌ಗಳಿಗೆ ಅಡಿಪಾಯವಾಯಿತು. ತರಂಗಗಳನ್ನು ಬೆರೆಸುವ ತತ್ವವನ್ನು ಇಂದಿನ ಮೊಬೈಲ್ ಚಿಪ್‌ಗಳೂ ಅವಲಂಬಿಸಿವೆ.

ಮಿಂಚು ರೇಡಿಯೊ ಅಲೆಯ ಎತ್ತರವನ್ನು ಕೆಡಿಸುತ್ತದೆ ಎಂಬುದನ್ನು ಅರಿತ ಅವರು ಧ್ವನಿಯನ್ನು ಆವರ್ತನದ ಏರಿಳಿತದಲ್ಲಿ ಇರಿಸಿದರು. 1933ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಆದರೆ 1945ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಎಫ್‌ಎಂ ತರಂಗಾಂತರವನ್ನೇ ಬದಲಿಸಿದ್ದರಿಂದ ಹಳೆಯ ಎಫ್‌ಎಂ ರೇಡಿಯೊಗಳು ನಿರುಪಯುಕ್ತವಾದವು. ಪೇಟೆಂಟ್ ಉಲ್ಲಂಘನೆಯ ವಿರುದ್ಧ 1948ರಲ್ಲಿ ಆರ್‌ಸಿಎ ಕಂಪೆನಿಯ ಮೇಲೆ ಹೂಡಿದ ದಾವೆ ಅವರ ಹಣ, ನೆಮ್ಮದಿ ಎರಡನ್ನೂ ನುಂಗಿತು. 1954ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.

ಪತ್ನಿ ಮೇರಿಯನ್ ಹೋರಾಟ ಕೈಬಿಡಲಿಲ್ಲ. ಆರ್‌ಸಿಎ ಜೊತೆ ರಾಜಿಯಾದ ಅವರು, ಉಳಿದ ಕಂಪೆನಿಗಳ ವಿರುದ್ಧ ಸೆಣಸಿ ಕೊನೆಯ ಪ್ರಕರಣವನ್ನು 1967ರಲ್ಲಿ ಗೆದ್ದರು.